ಬ್ಯಾಕಪ್ ಇದೆ, ಮರಳಿ ತರಲು ಬರುತ್ತದೆಯೇ?

ನಮ್ಮ ಬಿ.ಇಡಿ. ಕಾಲೇಜುಗಳ ಐಸಿಟಿ ಪ್ರಾಯೋಗಿಕ ದಾಖಲೆ ಪುಸ್ತಕವನ್ನು ತೆರೆದು ನೋಡಿ. ಬಣ್ಣದ ಸ್ಲೈಡುಗಳ ಪ್ರಿಂಟ್ ಇರುತ್ತದೆ. ಎಕ್ಸೆಲ್‌ನಲ್ಲಿ ಮಾಡಿದ ಅಂಕಪಟ್ಟಿ ಇರುತ್ತದೆ. ಸಿಪಿಯು, ಮಾನಿಟರ್, ಕೀಬೋರ್ಡಿನ ಚಿತ್ರ ಬಿಡಿಸಿ ಭಾಗಗಳನ್ನು ಹೆಸರಿಸಿದ ಪುಟವೂ ಇರುತ್ತದೆ. ಇವೆಲ್ಲ ಬೇಕಾದವೇ. ಆದರೆ ಇವೆಲ್ಲಕ್ಕೂ ಒಂದು ಷರತ್ತಿದೆ: ಕಂಪ್ಯೂಟರ್ ಆನ್ ಆಗಬೇಕು. ಆನ್ ಆಗದ ದಿನ ಏನು ಮಾಡಬೇಕು ಎಂಬುದಕ್ಕೆ ಆ ಪುಸ್ತಕದಲ್ಲಿ ಒಂದು ಪುಟವೂ ಇರುವುದಿಲ್ಲ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ತಂದ ಎರಡು ವರ್ಷಗಳ ಬಿ.ಇಡಿ. ಚೌಕಟ್ಟಿನಲ್ಲಿ ‘ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ’ ಎಂಬುದು ವೃತ್ತಿ ಸಾಮರ್ಥ್ಯ ವರ್ಧನೆಯ ಕೋರ್ಸುಗಳಲ್ಲಿ ಒಂದು. ಒಂದು ಸಾಧನವನ್ನು ವಿಮರ್ಶಾತ್ಮಕವಾಗಿ ತಿಳಿಯುವುದೆಂದರೆ ಅದರಲ್ಲಿ ಯಾವುದು ಎಲ್ಲಿ ಕುಳಿತಿದೆ, ಒಂದು ಭಾಗ ಹೋದರೆ ಅದರ ಜೊತೆಗೆ ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂದು ತಿಳಿಯುವುದೂ ಹೌದು. ಅದಕ್ಕಾಗಿ ನನ್ನ ಸಲಹೆ ಇಷ್ಟು: ಒಂದು ಡೆಸ್ಕ್‌ಟಾಪ್ ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ಗಳನ್ನು ಬದಲಿಸಿ, ಅದನ್ನು ಮೊದಲಿನಂತೆ ಕೆಲಸಕ್ಕೆ ನಿಲ್ಲಿಸುವುದು ಪ್ರತಿ ಪ್ರಶಿಕ್ಷಣಾರ್ಥಿಗೆ ಕಡ್ಡಾಯ ಪ್ರಾಯೋಗಿಕವಾಗಬೇಕು. ಇದಕ್ಕೆ ಹೊಸ ಅವಧಿ ಬೇಕಿಲ್ಲ. ಸ್ಲೈಡ್ ತಯಾರಿಯ ಅಭ್ಯಾಸಗಳಲ್ಲಿ ಒಂದನ್ನು ಕೈಬಿಟ್ಟರೆ ಸಾಕು.

ಕೆಟ್ಟಿರುವುದು ಒಂದು ಭಾಗ

ಮಾಹಿತಿ ಸಿಂಧು ಯೋಜನೆಯ ಕಾಲದಿಂದ ಹಲವು ಯೋಜನೆಗಳಲ್ಲಿ ನಮ್ಮ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದಿವೆ. ಅವುಗಳಲ್ಲಿ ಮೊದಲು ಸೋಲುವ ಭಾಗಗಳಲ್ಲಿ ಹಾರ್ಡ್ ಡಿಸ್ಕ್ ಒಂದು. ಕಾರಣ ಸರಳ. ಅದರೊಳಗೆ ತಟ್ಟೆಗಳು ತಿರುಗುತ್ತವೆ, ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ನಿಮಿಷಕ್ಕೆ 7200 ಸುತ್ತು. ಓದುವ ತಲೆ ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಅದರ ಮೇಲೆ ತೇಲುತ್ತಿರುತ್ತದೆ. ಯುಪಿಎಸ್‌ನ ಬ್ಯಾಟರಿ ಸತ್ತಿರುವ ಶಾಲೆಯಲ್ಲಿ ಕರೆಂಟ್ ಹೋದಾಗಲೆಲ್ಲ ಈ ವ್ಯವಸ್ಥೆ ಅರ್ಧಕ್ಕೆ ನಿಲ್ಲುತ್ತದೆ. ಒಂದು ದಿನ ಏಳುವುದೇ ಇಲ್ಲ.

ಆಮೇಲೆ ಸಾಮಾನ್ಯವಾಗಿ ಆಗುವುದು ಎಲ್ಲರಿಗೂ ಗೊತ್ತು. ‘ಕಂಪ್ಯೂಟರ್ ಕೆಟ್ಟಿದೆ’ ಎಂಬ ಚೀಟಿ ಬೀಳುತ್ತದೆ, ಮೇಲೊಂದು ಬಟ್ಟೆ ಮುಚ್ಚಲಾಗುತ್ತದೆ, ತಂತ್ರಜ್ಞರಿಗೆ ಪತ್ರ ಹೋಗುತ್ತದೆ. ಮದರ್‌ಬೋರ್ಡ್, ರ್‍ಯಾಮ್, ಮಾನಿಟರ್, ಕೀಬೋರ್ಡ್ ಎಲ್ಲವೂ ಸರಿಯಾಗಿದ್ದು, ಎರಡು ಕೇಬಲ್ ಮತ್ತು ನಾಲ್ಕು ಸ್ಕ್ರೂಗಳಿಂದ ಕೂತಿರುವ ಒಂದೇ ಭಾಗ ಕೆಟ್ಟಿರುತ್ತದೆ. ಅದರ ಕಾರಣದಿಂದ ಒಂದು ಇಡೀ ಬ್ಯಾಚಿನ ಮಕ್ಕಳು ಕಂಪ್ಯೂಟರ್ ಮುಟ್ಟದೆ ಹತ್ತನೇ ತರಗತಿ ದಾಟಬಹುದು. ಸ್ಯಾಟ್ಸ್‌ನಂಥ ಮಾಹಿತಿ ಸರ್ವರ್‌ನಲ್ಲಿ ಕ್ಷೇಮವಾಗಿರುತ್ತದೆ, ನಿಜ. ಆದರೆ ಗಣಿತದ ಮೇಷ್ಟ್ರು ಹತ್ತು ವರ್ಷ ಕೂಡಿಸಿದ ಪ್ರಶ್ನೆಪತ್ರಿಕೆಗಳು, ಘಟಕ ಪರೀಕ್ಷೆಯ ಅಂಕಗಳು, ವಿಜ್ಞಾನ ಮೇಡಂ ಮಕ್ಕಳಿಂದ ಮಾಡಿಸಿದ ಪ್ರಯೋಗಗಳ ಫೋಟೋಗಳು ಆ ಒಂದು ಡಿಸ್ಕ್‌ನಲ್ಲಿ ಮಾತ್ರ ಇರುತ್ತವೆ.

ಡಿಸ್ಕ್‌ನಲ್ಲಿರುವುದು ಮೂರು ಬಗೆ

ಈ ಪ್ರಾಯೋಗಿಕದ ಮುಖ್ಯ ಪರಿಕಲ್ಪನೆ ಸ್ಕ್ರೂಡ್ರೈವರಿನದ್ದಲ್ಲ. ಡಿಸ್ಕ್‌ನಲ್ಲಿ ಇರುವುದೆಲ್ಲ ಒಂದೇ ಬಗೆಯದಲ್ಲ ಎಂಬುದು. ಮೊದಲನೆಯದು ಆಪರೇಟಿಂಗ್ ಸಿಸ್ಟಮ್. ಅದು ಹೋದರೆ ಇನ್ನೊಮ್ಮೆ ಹಾಕಬಹುದು. ಎರಡನೆಯದು ನಾವು ಹಾಕಿಕೊಂಡ ತಂತ್ರಾಂಶಗಳು, ಫಾಂಟುಗಳು, ಪ್ರಿಂಟರಿನ ಡ್ರೈವರ್, ಸೆಟ್ಟಿಂಗುಗಳು. ಇವನ್ನು ಪಟ್ಟಿಯಿದ್ದರೆ ಮರಳಿ ಹಾಕಬಹುದು, ಪಟ್ಟಿಯಿಲ್ಲದಿದ್ದರೆ ಒಂದು ವಾರ ಹುಡುಕಬೇಕು. ಮೂರನೆಯದು ನಮ್ಮದೇ ಕಡತಗಳು. ಇನ್ನೊಂದು ಪ್ರತಿ ಇಲ್ಲದಿದ್ದರೆ ಇವು ಜಗತ್ತಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ‘ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಸಿಬಿಡಿ’ ಎನ್ನುವ ಮಾತು ಮೊದಲನೆಯದನ್ನು ಮಾತ್ರ ಮರಳಿಸುತ್ತದೆ, ಮೂರನೆಯದನ್ನು ಕಳೆಯುತ್ತದೆ. ಈ ವ್ಯತ್ಯಾಸ ತಿಳಿದ ಶಿಕ್ಷಕರು ಆ ಮಾತಿಗೆ ಸುಲಭವಾಗಿ ತಲೆಯಾಡಿಸುವುದಿಲ್ಲ.

ಇದರ ಜೊತೆಗೇ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ‘ಡಿ ಡ್ರೈವ್‌ನಲ್ಲಿ ಇಟ್ಟಿದ್ದೇನೆ ಸರ್, ಭಯವಿಲ್ಲ’ ಎಂಬ ಮಾತನ್ನು ಶಾಲೆಗಳಲ್ಲಿ ಸಾಮಾನ್ಯವಾಗಿ ಕೇಳುತ್ತೇವೆ. ಹೆಚ್ಚಿನ ಯಂತ್ರಗಳಲ್ಲಿ ಸಿ ಮತ್ತು ಡಿ ಎರಡೂ ಒಂದೇ ಡಿಸ್ಕ್‌ನ ಎರಡು ಭಾಗಗಳು. ಒಂದೇ ಕೋಣೆಯ ನಡುವೆ ಪರದೆ ಕಟ್ಟಿದ ಹಾಗೆ. ಚಾವಣಿ ಬಿದ್ದರೆ ಎರಡೂ ಕಡೆ ಬೀಳುತ್ತದೆ. ಪ್ರಶಿಕ್ಷಣಾರ್ಥಿಯು ಸಿಪಿಯು ಬಿಚ್ಚಿ, ಒಳಗೆ ಒಂದೇ ಡಿಸ್ಕ್ ಇರುವುದನ್ನು ಕಣ್ಣಾರೆ ನೋಡಿದರೆ ಈ ಕಲ್ಪನೆ ತಾನಾಗಿ ಬಿಡುತ್ತದೆ. ಉಪನ್ಯಾಸದಿಂದ ಅದು ಅಷ್ಟು ಬೇಗ ಬಿಡುವುದಿಲ್ಲ.

ಬದಲಿಸುವಾಗ ಎರಡು ಡಿಸ್ಕ್ ಹಾಕುವುದು ಒಳ್ಳೆಯದು. ಸಿಸ್ಟಮ್‌ಗೆ ಸುಮಾರು 240 ಜಿಬಿಯ ಒಂದು ಎಸ್‌ಎಸ್‌ಡಿ, ಕಡತಗಳಿಗೆ ಬೇರೆ ಹಾರ್ಡ್ ಡಿಸ್ಕ್. ಆಗ ಮುಂದೊಮ್ಮೆ ಸಿಸ್ಟಮ್ ಕೆಟ್ಟರೂ ಕಡತಗಳು ಅದರ ಜೊತೆಗೆ ಹೋಗುವುದಿಲ್ಲ. ಆದರೂ ಎರಡನೆಯ ಡಿಸ್ಕ್ ಬ್ಯಾಕಪ್ ಅಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರು ಅಥವಾ ಕಟ್ಟಡದಲ್ಲಿ ಎಂಬ ‘3-2-1’ ಸೂತ್ರವನ್ನು ಪ್ರಚಾರಕ್ಕೆ ತಂದವರು ಛಾಯಾಗ್ರಾಹಕ ಪೀಟರ್ ಕ್ರೋಗ್. ಶಾಲೆಯ ಮಟ್ಟಿಗೆ ಅದು ಹೀಗಾಗುತ್ತದೆ: ಕಂಪ್ಯೂಟರಿನಲ್ಲಿ ಒಂದು, ಮುಖ್ಯೋಪಾಧ್ಯಾಯರ ಬೀರುವಿನ ಹೊರಡಿಸ್ಕ್‌ನಲ್ಲಿ ಒಂದು, ಶಾಲೆಯ ಇ-ಮೇಲ್ ಖಾತೆಯ ಡ್ರೈವ್‌ನಲ್ಲಿ ಒಂದು.

ಸಿಕ್ಕಿಬೀಳುವ ಜಾಗಗಳು

ಮರಳಿ ತರಲು ಎರಡು ದಾರಿ. ಒಂದು, ಹಳೆಯ ಡಿಸ್ಕ್ ಇನ್ನೂ ಓದುತ್ತಿದ್ದರೆ ಅದರ ಪೂರ್ತಿ ಪ್ರತಿಯನ್ನು ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶದಿಂದ ಹೊಸದಕ್ಕೆ ಇಳಿಸುವುದು. ಇನ್ನೊಂದು, ಹೊಸ ಡಿಸ್ಕ್‌ಗೆ ಸಿಸ್ಟಮ್ ಹೊಸದಾಗಿ ಹಾಕಿ, ತಂತ್ರಾಂಶಗಳನ್ನು ಪಟ್ಟಿಯಂತೆ ಸೇರಿಸಿ, ಕಡತಗಳನ್ನು ಬ್ಯಾಕಪ್‌ನಿಂದ ನಕಲಿಸುವುದು. ಒಂದೇ ಮಾದರಿಯ ಹತ್ತು ಯಂತ್ರಗಳ ಪ್ರಯೋಗಾಲಯಕ್ಕೆ ಮೊದಲ ದಾರಿ ಬೇಗ ಮುಗಿಯುತ್ತದೆ. ಕಲಿಕೆಗೆ ಎರಡನೆಯದೇ ಒಳ್ಳೆಯದು. ಅದರಲ್ಲಿ ಮೂರೂ ಬಗೆಗಳನ್ನು ಬೇರೆಬೇರೆಯಾಗಿ ಮರಳಿ ತರಬೇಕಾಗುತ್ತದೆ.

ಎರಡು ದಾರಿಯಲ್ಲೂ ಎಡವುವ ಜಾಗಗಳಿವೆ. ಬೋಧಕರು ಅವನ್ನು ಮೊದಲೇ ಬಲ್ಲವರಾಗಿರಬೇಕು, ಆದರೆ ಮೊದಲೇ ಹೇಳಿಬಿಡಬಾರದು.

500 ಜಿಬಿಯ ಹಳೆಯ ಡಿಸ್ಕ್‌ನಲ್ಲಿ ತುಂಬಿರುವುದು 60 ಜಿಬಿ ಮಾತ್ರ ಇರಬಹುದು. ಆದರೂ 240 ಜಿಬಿಯ ಎಸ್‌ಎಸ್‌ಡಿಗೆ ನಕಲಿಸಲು ಹೋದರೆ ಕ್ಲೋನ್‌ಜಿಲ್ಲಾ ಸಾಮಾನ್ಯ ಆಯ್ಕೆಯಲ್ಲಿ ಒಪ್ಪುವುದಿಲ್ಲ. ಅದು ನೋಡುವುದು ಡಿಸ್ಕ್‌ನ ಅಳತೆಯನ್ನು, ತುಂಬಿರುವುದನ್ನಲ್ಲ. ಮೊದಲು ಹಳೆಯ ಭಾಗವನ್ನು ಕುಗ್ಗಿಸಬೇಕು, ಇಲ್ಲವೇ ಹೊಸದಾಗಿ ಹಾಕುವ ದಾರಿ ಹಿಡಿಯಬೇಕು.

ನಕಲು ಮುಗಿದ ಮೇಲೆ ಎರಡೂ ಡಿಸ್ಕ್‌ಗಳನ್ನು ಜೋಡಿಸಿಯೇ ಆನ್ ಮಾಡಿದರೆ ಯಂತ್ರ ಗೊಂದಲಕ್ಕೆ ಬೀಳಬಹುದು, ಏಕೆಂದರೆ ನಕಲಿನಲ್ಲಿ ಡಿಸ್ಕ್‌ನ ಗುರುತಿನ ಸಂಖ್ಯೆಗಳೂ ನಕಲಾಗಿರುತ್ತವೆ. ಒಂದೇ ನೋಂದಣಿ ಸಂಖ್ಯೆಯ ಇಬ್ಬರು ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ಬಂದಂತೆ.

ಹಳೆಯ ಸಿಸ್ಟಮ್ ಲೆಗಸಿ ವಿಧಾನದಲ್ಲಿ ಆರಂಭವಾಗುತ್ತಿದ್ದು, ಈಗ ಸೆಟಪ್‌ನಲ್ಲಿ ಯುಇಎಫ್‌ಐ ಮಾತ್ರ ಇದ್ದರೆ, ನಕಲು ಸರಿಯಾಗಿದ್ದರೂ ‘ಬೂಟ್ ಡಿವೈಸ್ ಸಿಗುತ್ತಿಲ್ಲ’ ಎಂದು ಬರುತ್ತದೆ. ಡಿಸ್ಕ್ ತೆಗೆಯುವ ಮೊದಲೇ ಯಾವ ವಿಧಾನ ಎಂದು ಬರೆದುಕೊಂಡವರಿಗೆ ಇದು ಎರಡು ನಿಮಿಷದ ಕೆಲಸ.

ಸಿಸ್ಟಮ್ ಹಾಕುವಾಗ ಕಡತಗಳ ಡಿಸ್ಕ್‌ನ ಕೇಬಲ್ ಬಿಚ್ಚಿಟ್ಟಿರಬೇಕು. ಇಲ್ಲವಾದರೆ ತಪ್ಪು ಡಿಸ್ಕ್ ಫಾರ್ಮ್ಯಾಟ್ ಆಗುವ ಅಪಾಯ ಒಂದು. ಆರಂಭದ ಕಡತಗಳು ಆ ಡಿಸ್ಕ್‌ಗೆ ಹೋಗಿ ಕುಳಿತು, ನಾಳೆ ಅದನ್ನು ತೆಗೆದಾಗ ಯಂತ್ರವೇ ಏಳದಿರುವ ಅಪಾಯ ಇನ್ನೊಂದು.

ಲಿನಕ್ಸ್ ಯಂತ್ರದಲ್ಲಿ ಕಡತಗಳ ಡಿಸ್ಕ್ ಬದಲಾಯಿಸಿದರೆ, ಸಿಸ್ಟಮ್ ತನ್ನ ಪಟ್ಟಿಯಲ್ಲಿರುವ ಹಳೆಯ ಗುರುತಿನ ಸಂಖ್ಯೆಗಾಗಿ ಒಂದೂವರೆ ನಿಮಿಷ ಕಾದು, ಆಮೇಲೆ ತುರ್ತು ಸ್ಥಿತಿಯ ಕಪ್ಪು ಪರದೆ ತೋರಿಸಬಹುದು. ನೋಡಿದವರು ಎಲ್ಲ ಹೋಯಿತು ಎಂದುಕೊಳ್ಳುತ್ತಾರೆ. ಹೋಗಿರುವುದು ಏನೂ ಇಲ್ಲ. ಒಂದು ಸಾಲು ತಿದ್ದಬೇಕು, ಅಷ್ಟೇ. ದೋಷದ ಸಂದೇಶವನ್ನು ಹೆದರದೆ ಪೂರ್ತಿ ಓದುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಯಾವ ಸಿಸ್ಟಮ್ ಎಂಬ ಪ್ರಶ್ನೆಯೂ ಬರುತ್ತದೆ. ವಿಂಡೋಸ್‌ನ ಡಿಜಿಟಲ್ ಪರವಾನಗಿ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಡಿಸ್ಕ್ ಬದಲಿಸಿದರೆ ಸಾಮಾನ್ಯವಾಗಿ ಹೊಸದಾಗಿ ಕೊಳ್ಳಬೇಕಿಲ್ಲ. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಅಂಥ ಯಂತ್ರಕ್ಕೆ ಉಬುಂಟುವಿನಂಥ ಸ್ವತಂತ್ರ ತಂತ್ರಾಂಶವನ್ನು ಹಾಕುವುದೇ ವಿವೇಕ. ಇದೂ ಪ್ರಶಿಕ್ಷಣಾರ್ಥಿಗಳು ಕಾರಣ ಕೊಟ್ಟು ತೀರ್ಮಾನಿಸಬೇಕಾದ ವಿಷಯ.

ಕನ್ನಡ ಕಡತ ತೆರೆಯಬೇಕು

ಯಂತ್ರ ಮರಳಿ ಬಂತು ಎಂದು ಯಾವಾಗ ಹೇಳಬಹುದು? ಡೆಸ್ಕ್‌ಟಾಪ್ ಚಿತ್ರ ಕಾಣಿಸಿದಾಗ ಅಲ್ಲ. ಹೋದ ವರ್ಷದ ಕನ್ನಡ ಪ್ರಶ್ನೆಪತ್ರಿಕೆ ತೆರೆದು, ಓದಲು ಬಂದು, ಒಂದು ಪದ ತಿದ್ದಿ, ಪ್ರಿಂಟ್ ತೆಗೆದಾಗ.

ಕನ್ನಡ ಮಾಧ್ಯಮದ ಶಾಲೆಗಳಿಗೆ ಈ ಕೊನೆಯ ಹಂತವೇ ಕಷ್ಟದ್ದು. ಯುನಿಕೋಡ್ ಬರುವ ಮೊದಲಿನ ನುಡಿ ಫಾಂಟುಗಳಲ್ಲಿ ಟೈಪಿಸಿದ ಕಡತಗಳು ನಮ್ಮ ಶಾಲೆಗಳಲ್ಲಿ ಇನ್ನೂ ಬೇಕಾದಷ್ಟಿವೆ. ಆ ಫಾಂಟ್ ಇಲ್ಲದ ಹೊಸ ಸಿಸ್ಟಮ್‌ನಲ್ಲಿ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಚೆಲ್ಲಾಡಿರುತ್ತವೆ. ‘ಫೈಲ್ ಕರಪ್ಟ್ ಆಗಿದೆ’ ಎಂದು ಅಳಿಸಿಬಿಡುವವರಿದ್ದಾರೆ. ಕಡತಕ್ಕೆ ಏನೂ ಆಗಿರುವುದಿಲ್ಲ. ಆ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ ಕೂರಿಸಿತ್ತು; ಫಾಂಟ್ ಹಾಕಿದ ಕೂಡಲೇ ಕನ್ನಡ ಮರಳುತ್ತದೆ. ಅಂಥ ಕಡತಗಳನ್ನು ಈ ಅವಕಾಶದಲ್ಲಿ ಯುನಿಕೋಡ್‌ಗೆ ಪರಿವರ್ತಿಸಿಟ್ಟರೆ ಮುಂದಿನ ಸಲ ಈ ತೊಡಕೂ ಇರುವುದಿಲ್ಲ. ಕೀಲಿಮಣೆಯ ವಿನ್ಯಾಸವೂ ಹೀಗೆಯೇ. ನುಡಿಯ ವಿನ್ಯಾಸಕ್ಕೆ ಬೆರಳು ಒಗ್ಗಿದ ಶಿಕ್ಷಕರಿಗೆ ಅದೇ ವಿನ್ಯಾಸ ಸಿಗದಿದ್ದರೆ ಯಂತ್ರ ಅವರ ಪಾಲಿಗೆ ಇನ್ನೂ ಕೆಟ್ಟೇ ಇದೆ. ಲಿನಕ್ಸ್‌ನಲ್ಲಿಯೂ ಕೆಜಿಪಿ ವಿನ್ಯಾಸ ಲಭ್ಯವಿದೆ; ಅದನ್ನು ಸೇರಿಸಿ ತೋರಿಸುವುದು ಪ್ರಾಯೋಗಿಕದ ಭಾಗವಾಗಬೇಕು.

ಪಾಠ ಯೋಜನೆ ಸಾಕ್ಷಿಯಲ್ಲ

‘ಬ್ಯಾಕಪ್ ಮಾಡಲು ಕಲಿಸುತ್ತೇವಲ್ಲ, ಸಾಲದೇ?’ ಎಂದು ಕೇಳಬಹುದು. ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ನಡೆದದ್ದನ್ನು ನೋಡಿ. ತಂತ್ರಾಂಶ ಬರೆಯುವವರ ಕೆಲಸವನ್ನು ಇಟ್ಟುಕೊಳ್ಳುವುದೇ ಅದರ ಉದ್ಯೋಗ. ಅಲ್ಲಿನ ಇಂಜಿನಿಯರ್ ಒಬ್ಬರು ಒಂದು ಸರ್ವರ್ ಎಂದುಕೊಂಡು ಇನ್ನೊಂದರಲ್ಲಿ ದತ್ತಾಂಶದ ಕೋಶವನ್ನು ಅಳಿಸಿದರು. ಬ್ಯಾಕಪ್ ವ್ಯವಸ್ಥೆ ಒಂದಲ್ಲ, ಹಲವಿದ್ದವು. ಆದರೆ ನಿತ್ಯದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ತಿಳಿಸಬೇಕಿದ್ದ ಇ-ಮೇಲ್‌ಗಳೂ ತಲುಪುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು ಸುಮಾರು 6 ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ. ನಡುವಿನ 6 ಗಂಟೆಗಳ ಮಾಹಿತಿ ಹೋಯಿತು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು. ಕಲಿಯಬೇಕಾದದ್ದು ಇಷ್ಟೇ: ಬ್ಯಾಕಪ್ ಇದೆ ಎಂಬುದು ನಂಬಿಕೆ, ಅದರಿಂದ ಒಮ್ಮೆ ಮರಳಿ ತಂದು ನೋಡಿದ ಮೇಲೆ ಮಾತ್ರ ಅದು ಸಂಗತಿ.

ಶಿಕ್ಷಕರಾಗುವವರಿಗೆ ಈ ಮಾತು ಹೊಸದಾಗಬಾರದು. ಪಾಠ ಕಲಿಸಿದ್ದಕ್ಕೆ ಪಾಠ ಯೋಜನೆ ಸಾಕ್ಷಿಯಲ್ಲ, ಮಕ್ಕಳ ಉತ್ತರ ಸಾಕ್ಷಿ ಎಂದು ನಾವು ವರ್ಷವಿಡೀ ಹೇಳುತ್ತೇವೆ. ಐಸಿಟಿಯ ಪ್ರಾಯೋಗಿಕದಲ್ಲಿ ಮಾತ್ರ ದಾಖಲೆ ಪುಸ್ತಕವನ್ನೇ ಸಾಕ್ಷಿಯಾಗಿ ಒಪ್ಪಿಕೊಂಡು ಅಂಕ ಕೊಡುತ್ತಿದ್ದೇವೆ.

ನಡೆಸುವ ಬಗೆ

ಬೇಕಾದದ್ದು ಹೆಚ್ಚಿಲ್ಲ. ಅಭ್ಯಾಸಕ್ಕೆಂದು ಬಿಟ್ಟುಕೊಟ್ಟ ಒಂದು ಹಳೆಯ ಡೆಸ್ಕ್‌ಟಾಪ್, ಓದುವ ಸ್ಥಿತಿಯಲ್ಲಿರುವ ಎರಡು ಮೂರು ಹಳೆಯ ಡಿಸ್ಕ್‌ಗಳು, 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಎರಡು ಪೆನ್ ಡ್ರೈವ್, ಒಂದು ಸ್ಕ್ರೂಡ್ರೈವರ್. ಅಭ್ಯಾಸದ ಯಂತ್ರದಲ್ಲಿ ಇಡುವ ಕಡತಗಳು ಬೋಧಕರೇ ತಯಾರಿಸಿದವಾಗಿರಲಿ, ಕಚೇರಿಯ ನಿಜ ಕಡತಗಳಲ್ಲ.

ಸೂಕ್ಷ್ಮ ಬೋಧನೆಯಲ್ಲಿ ಒಂದು ದೊಡ್ಡ ಪಾಠವನ್ನು ಕೌಶಲಗಳಾಗಿ ಒಡೆದಂತೆ ಇದನ್ನೂ ಒಡೆಯಬಹುದು. ಬಿಚ್ಚುವ ಮೊದಲು ಪಟ್ಟಿ ಮಾಡುವುದು ಮತ್ತು ಬ್ಯಾಕಪ್ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡುವುದು ಮೊದಲನೆಯದು. ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಕೇಬಲ್‌ಗಳ ಫೋಟೋ ತೆಗೆದು ಡಿಸ್ಕ್ ಬದಲಿಸುವುದು ಎರಡನೆಯದು. ಪೆನ್ ಡ್ರೈವ್‌ನಿಂದ ಸಿಸ್ಟಮ್ ಹಾಕುವುದು ಮೂರನೆಯದು. ಫಾಂಟ್, ಪ್ರಿಂಟರ್, ಕಡತ ಮರಳಿಸುವುದು ನಾಲ್ಕನೆಯದು. ಹಿಂದೆ ಹೇಳಿದ ಕನ್ನಡ ಪ್ರಶ್ನೆಪತ್ರಿಕೆಯ ಪರೀಕ್ಷೆ ಕೊನೆಯದು. ನಾಲ್ವರ ಗುಂಪು, ಎರಡೆರಡು ಅವಧಿಯ ಎರಡು ದಿನ ಸಾಕಾಗುತ್ತದೆ.

ಗುಂಪು ಮಾಡುವಾಗ ಒಂದು ಎಚ್ಚರಿಕೆ ಬೇಕು. ಬಿಟ್ಟರೆ ಸ್ಕ್ರೂಡ್ರೈವರ್ ಯಾವಾಗಲೂ ಒಬ್ಬ ಹುಡುಗನ ಕೈಯಲ್ಲಿ, ದಾಖಲೆ ಬರೆಯುವ ಪೆನ್ನು ಯಾವಾಗಲೂ ಒಬ್ಬ ಹುಡುಗಿಯ ಕೈಯಲ್ಲಿ ಉಳಿಯುತ್ತದೆ. ಪ್ರತಿ ಹಂತಕ್ಕೂ ಪಾತ್ರ ಬದಲಾಗಬೇಕು. ಬೋಧಕರು ಸ್ಕ್ರೂಡ್ರೈವರ್ ಮುಟ್ಟಬಾರದು. ಕೌಶಲ ಪ್ರದರ್ಶಿಸಿ ತೋರಿಸುವ ಆಸೆ ನಮಗೆಲ್ಲ ಇದೆ; ಈ ಪ್ರಾಯೋಗಿಕದಲ್ಲಿ ಅದು ಕಲಿಕೆಗೆ ಅಡ್ಡಿ.

ಆಕ್ಷೇಪಗಳು

‘ಇದು ತಂತ್ರಜ್ಞರ ಕೆಲಸ, ಶಿಕ್ಷಕರದಲ್ಲ’ ಎಂಬುದು ಮೊದಲ ಆಕ್ಷೇಪ. ಪ್ರತಿ ಶಿಕ್ಷಕರೂ ಡಿಸ್ಕ್ ಬದಲಿಸುತ್ತಾ ಕೂರಬೇಕೆಂದು ನಾನು ಹೇಳುತ್ತಿಲ್ಲ. ವಾರಂಟಿ ಇರುವ ಯಂತ್ರವನ್ನು ಬಿಚ್ಚಲೇಬಾರದು. ದಾಸ್ತಾನು ವಹಿಯಲ್ಲಿರುವ ಯಂತ್ರಕ್ಕೆ ಮುಖ್ಯೋಪಾಧ್ಯಾಯರ ಅನುಮತಿ ಬೇಕೇ ಬೇಕು. ಆದರೆ ತಂತ್ರಜ್ಞರು ಬಂದಾಗ ‘ಕಡತಗಳ ಪ್ರತಿ ತೆಗೆದಿರಾ? ಹಳೆಯ ಡಿಸ್ಕ್ ಎಲ್ಲಿ? ನುಡಿ ಹಾಕಿದಿರಾ?’ ಎಂಬ ಮೂರು ಪ್ರಶ್ನೆ ಕೇಳಲಾದರೂ ಒಮ್ಮೆ ಸ್ವತಃ ಮಾಡಿರಬೇಕು. ಮಾಡಬಾರದ್ದು ಯಾವುದು ಎಂಬುದೂ ಮಾಡಿದವರಿಗೇ ಗೊತ್ತಾಗುತ್ತದೆ. ಟಿಕ್ ಟಿಕ್ ಸದ್ದು ಮಾಡುವ ಡಿಸ್ಕ್‌ನಲ್ಲಿ ಏಕೈಕ ಪ್ರತಿ ಇದ್ದರೆ ಮತ್ತೆ ಮತ್ತೆ ಆನ್ ಮಾಡದೆ ತಕ್ಷಣ ನಿಲ್ಲಿಸಿ, ಪರಿಣತರಿಗೆ ಕೊಡಬೇಕು. ಶಾಲೆಯಲ್ಲಿ ಪ್ರಯೋಗ ಮಾಡುವ ಸಂದರ್ಭ ಅದಲ್ಲ.

‘ಈಗ ಎಲ್ಲ ಕ್ಲೌಡ್‌ನಲ್ಲಿ ಇರುತ್ತದೆ’ ಎಂಬುದು ಎರಡನೆಯದು. ನೆಟ್‌ವರ್ಕ್ ಬಂದು ಹೋಗುವ ಊರಿನಲ್ಲಿ ಹೋಗಿ ಅಭ್ಯಾಸ ಬೋಧನೆ ಮಾಡಿದವರು ಈ ಮಾತನ್ನು ಅಷ್ಟು ಧೈರ್ಯದಿಂದ ಹೇಳಲಾರರು. ಕ್ಲೌಡ್‌ನಲ್ಲಿದ್ದರೂ ಪಾಸ್‌ವರ್ಡ್ ವರ್ಗವಾಗಿ ಹೋದ ಶಿಕ್ಷಕರ ಫೋನಿನಲ್ಲಿದ್ದರೆ ಅದೂ ಮರಳಿ ಬರುವುದಿಲ್ಲ.

ಮೂರನೆಯದು ಆಕ್ಷೇಪವಲ್ಲ, ಮರೆತುಹೋಗುವ ಕರ್ತವ್ಯ. ತೆಗೆದ ಹಳೆಯ ಡಿಸ್ಕ್‌ನಲ್ಲಿ ಮಕ್ಕಳ ಆಧಾರ್ ಸಂಖ್ಯೆ, ಜಾತಿ ಪ್ರಮಾಣಪತ್ರದ ಪ್ರತಿ, ಪೋಷಕರ ಫೋನ್ ಸಂಖ್ಯೆಗಳು ಇರಬಹುದು. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅವು ಅಳಿಯುವುದಿಲ್ಲ. ಪುಸ್ತಕದ ಪರಿವಿಡಿ ಹರಿದಂತೆ, ಪುಟಗಳು ಹಾಗೆಯೇ ಉಳಿಯುತ್ತವೆ. ಹೊಸ ಯಂತ್ರ ಪೂರ್ತಿ ಪರೀಕ್ಷೆಯಲ್ಲಿ ಗೆಲ್ಲುವವರೆಗೆ ಹಳೆಯ ಡಿಸ್ಕ್‌ಗೆ ಚೀಟಿ ಅಂಟಿಸಿ ಬೀರುವಿನಲ್ಲಿ ಇಡಬೇಕು; ಆಮೇಲೆ ಪೂರ್ತಿ ಮೇಲೆ ಬರೆದು ಅಳಿಸಬೇಕು, ಓದಲು ಬಾರದ ಡಿಸ್ಕ್ ಆದರೆ ಒಡೆದು ಇ-ತ್ಯಾಜ್ಯಕ್ಕೆ ಕೊಡಬೇಕು. ಗುಜರಿಗೆ ಹಾಗೆಯೇ ಹಾಕುವುದು ಸಲ್ಲದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಇದು ಮಕ್ಕಳಿಗೆ ನಾವು ತೋರಿಸಬೇಕಾದ ಕನಿಷ್ಠ ಗೌರವ.

ಮುಂದಿನ ವರ್ಷದ ಪ್ರಾಯೋಗಿಕ ಪಟ್ಟಿ ತಯಾರಿಸುವ ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ: ಇದನ್ನು ಸೇರಿಸಿ. ಅಂಕವನ್ನು ಬರವಣಿಗೆಗೆ ಕೊಡಬೇಡಿ. ಎದ್ದು ನಿಂತ ಯಂತ್ರಕ್ಕೆ, ತೆರೆದ ಕನ್ನಡ ಕಡತಕ್ಕೆ, ಎಲ್ಲಿ ಸಿಕ್ಕಿಬಿದ್ದೆವು, ಹೇಗೆ ಹೊರಬಂದೆವು ಎಂದು ಗುಂಪು ಹೇಳುವ ಐದು ನಿಮಿಷದ ವಿವರಣೆಗೆ ಕೊಡಿ. ಪ್ರಶಿಕ್ಷಣಾರ್ಥಿಗಳಲ್ಲಿ ಕೋರಿಕೆ ಇನ್ನೂ ಚಿಕ್ಕದು. ಇಂಟರ್ನ್‌ಶಿಪ್‌ಗೆ ಹೋದ ಶಾಲೆಯಲ್ಲಿ ಬ್ಯಾಕಪ್ ಎಂದು ತೋರಿಸುವ ಪೆನ್ ಡ್ರೈವ್‌ನಿಂದ ಒಂದು ಕಡತವನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದರೆ ಮುಖ್ಯೋಪಾಧ್ಯಾಯರಿಗೆ ಹೇಳಿ, ನೆಮ್ಮದಿಯಾಗುತ್ತದೆ. ತೆರೆಯದಿದ್ದರೆ ಡಿಸ್ಕ್ ಇನ್ನೂ ತಿರುಗುತ್ತಿರುವಾಗಲೇ ಹೇಳಿ.